ಕೂತ ಮಾತ್ರಕ್ಕೆ ಪ್ರೊಸೆಸರ್ ಓಡಲ್ಲ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ಎಚ್110 ಮದರ್‌ಬೋರ್ಡ್, ಐ3-6100 ಪ್ರೊಸೆಸರ್ ಇದೆ. ಟ್ಯಾಲಿ, ಇಂಟರ್ನೆಟ್ ಅಷ್ಟೇ ಕೆಲಸ, ಆದರೂ ತುಂಬಾ ಸ್ಲೋ. ಸೆಕೆಂಡ್ ಹ್ಯಾಂಡ್ ಐ5-8400 ಕಡಿಮೆಗೆ ಸಿಗುತ್ತಿದೆ. ಎರಡೂ 1151 ಸಾಕೆಟ್, ಹಾಗೇ ಕೂರುತ್ತೆ ಅಂತಾರೆ ಅಂಗಡಿಯವರು. ತಗೊಳ್ಳಲಾ?

ಉತ್ತರ: ಬೇಡ. ಬೋರ್ಡಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ ಬರುತ್ತಿರುತ್ತದೆ. ಹಾಗಾಗಿ ಈ ಸಲ ಜಾಗವೆಲ್ಲ ಇದಕ್ಕೇ.

ಅಂಗಡಿಯವರು ಹೇಳಿದ್ದು ಅರ್ಧ ನಿಜ. ಕೂರುತ್ತದೆ. ಆನ್ ಮಾಡಿದರೆ ಫ್ಯಾನ್ ಕೂಡ ತಿರುಗಬಹುದು. ಡಿಸ್‌ಪ್ಲೇ ಬರಲ್ಲ. ಇಂಟೆಲ್ 2015ರಲ್ಲಿ 6ನೇ ಜನರೇಷನ್‌ಗೆ (ನಿಮ್ಮ ಐ3-6100 ಇದರದ್ದು) ತಂದ ಸಾಕೆಟ್‌ನ ಹೆಸರನ್ನೇ 2017ರ ಕೊನೆಗೆ ಬಂದ 8ನೇ ಜನರೇಷನ್‌ಗೂ (ಐ5-8400 ಇದರದ್ದು) ಇಟ್ಟುಕೊಂಡಿತು. ಒಳಗೆ ಮಾತ್ರ ಕೆಲವು ಪಿನ್‌ಗಳ ಕೆಲಸ ಬದಲಾಯಿಸಿ, ಪವರ್‌ಗೆ ಜಾಸ್ತಿ ಪಿನ್ ಕೊಟ್ಟಿತು. 8 ಮತ್ತು 9ನೇ ಜನರೇಷನ್‌ಗೆ ಎಚ್310, ಬಿ360ರಂಥ 300 ಸರಣಿಯ ಚಿಪ್‌ಸೆಟ್ಟೇ (ಬೋರ್ಡಿನ ಮುಖ್ಯ ನಿಯಂತ್ರಕ ಚಿಪ್) ಬೇಕು. ನಿಮ್ಮದು ಎಚ್110. ಈ ಗೊಂದಲ ಹುಟ್ಟಿಸಿದ್ದು ಇಂಟೆಲ್, ಅದರಲ್ಲಿ ದುಡ್ಡು ಮಾಡುತ್ತಿರುವುದು ಇಂಥ ಅಂಗಡಿಗಳು.

ಬಯೋಸ್ (ಆನ್ ಮಾಡಿದ ಕೂಡಲೇ ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ತಿದ್ದಿ, ಪ್ರೊಸೆಸರ್‌ಗೆ ಟೇಪ್ ಅಂಟಿಸಿ ಓಡಿಸುವ ವಿಡಿಯೊ ನೋಡಿದ್ದೇವೆ ಅಂತ ಕೆಲವರು ವಾದಕ್ಕೆ ಬರುತ್ತಾರೆ. ಓಡಿಸಿದವರು ಇದ್ದಾರೆ, ಇಲ್ಲ ಅನ್ನಲ್ಲ. ಅದು ಹವ್ಯಾಸದವರ ಆಟ. ವರ್ಷದ ಲೆಕ್ಕ ಇರುವ ಕಂಪ್ಯೂಟರ್ ಮೇಲೆ ಆಡಬೇಡಿ.

ನಿಮ್ಮ ಬೋರ್ಡ್ 7ನೇ ಜನರೇಷನ್‌ವರೆಗೆ ಹೋಗುತ್ತದೆ: ಐ5-7500, ಐ7-7700. ಅದಕ್ಕೂ ಬಯೋಸ್ ಹೊಸದಿರಬೇಕು. ಬೋರ್ಡಿನ ಮಾಡೆಲ್ ಮತ್ತು ರಿವಿಷನ್ ನಂಬರ್ ಬೋರ್ಡ್ ಮೇಲೇ ಅಚ್ಚಾಗಿರುತ್ತದೆ. ಅದನ್ನು ಹಿಡಿದು ತಯಾರಕರ ಸಪೋರ್ಟ್ ಲಿಸ್ಟ್ ನೋಡಿ. ಯಾವ ಪ್ರೊಸೆಸರ್‌ಗೆ ಯಾವ ಬಯೋಸ್ ಬೇಕು ಅಂತ ಅಲ್ಲೇ ಬರೆದಿರುತ್ತಾರೆ. ಹಳೇ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮಾಡಿ, ಆಮೇಲೆ ಬಿಚ್ಚಿ. ಯುಪಿಎಸ್ ಇಲ್ಲದಿದ್ದರೆ ಅಪ್‌ಡೇಟ್‌ಗೆ ಕೈ ಹಾಕಲೇಬೇಡಿ. ಮಧ್ಯೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು.

ಆದರೂ ನನ್ನ ದುಡ್ಡಾಗಿದ್ದರೆ ಐ7-7700ಕ್ಕೆ ಹಾಕುತ್ತಿರಲಿಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಪ್ರೊಸೆಸರ್ ಪಟ್ಟಿಯಲ್ಲಿ ಐ7-7700 ಇಲ್ಲ. ಟ್ಯಾಲಿಗೆ ಐ3 ಸಾಲದೆ ಏನು? ಇನ್ನೂ ಹಾರ್ಡ್ ಡಿಸ್ಕ್‌ನಲ್ಲೇ ವಿಂಡೋಸ್ ಇಟ್ಟುಕೊಂಡಿದ್ದರೆ ಮೊದಲು ಒಂದು ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗವಾಗಿ ಓದುವ ಡ್ರೈವ್) ಹಾಕಿಸಿ. ಸ್ಲೋ ಅನ್ನುವ ದೂರು ಬಹುಪಾಲು ಅಲ್ಲೇ ಮುಗಿಯುತ್ತದೆ.

ಇಲ್ಲ, 8ನೇ ಜನರೇಷನ್ನೇ ಬೇಕು ಅಂದರೆ ಬೋರ್ಡೂ ಬದಲಾಯಿಸಿ. ಹಳೇ ಬೋರ್ಡ್ ಕೊಳ್ಳುವಾಗ ಸಾಕೆಟ್‌ನ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಪಿನ್‌ಗಳ ಸಾಲು ಒಂದೇ ಸಮ ಹೊಳೆಯಬೇಕು. ಎಲ್ಲಾದರೂ ಒಂದು ಚುಕ್ಕಿ ತಪ್ಪಿದಂತೆ ಕಂಡರೆ ಪಿನ್ ಬಗ್ಗಿದೆ. ಸೂಜಿಯಲ್ಲಿ ಸರಿ ಮಾಡಿಕೊಡ್ತೀನಿ ಅಂದರೆ ಎದ್ದು ಬನ್ನಿ.

ಪ್ರಶ್ನೆ: ಡಿಡಿಆರ್3 ರ‍್ಯಾಮ್ ಅನ್ನು ಡಿಡಿಆರ್4 ಬೋರ್ಡಿಗೆ ಹಾಕಬಹುದಾ?

ಉತ್ತರ: ಇಲ್ಲ. ಕಚ್ಚಿನ ಜಾಗವೇ ಬೇರೆ. ಒತ್ತಬೇಡಿ.

ಪ್ರಶ್ನೆ: ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ನಡೆಯುತ್ತಾ?

ಉತ್ತರ: ಒಣಗಿ ಪುಡಿಯಾಗುತ್ತೆ. ಇದನ್ನು ಮತ್ತೆ ಕೇಳಬೇಡಿ.

ಪ್ರಶ್ನೆ: ಎ320 ಬೋರ್ಡಿಗೆ ರೈಜೆನ್ 5600 ಹಾಕಬಹುದಾ?

ಉತ್ತರ: ಬೋರ್ಡ್ ಕಂಪನಿ ಅದಕ್ಕೆ ಬಯೋಸ್ ಕೊಟ್ಟಿದ್ದರೆ ಹಾಕಬಹುದು. ಈ ವಿಷಯದಲ್ಲಿ ರೈಜೆನ್ ಮಾಡುವ ಎಎಂಡಿ ವಾಸಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಪ್ರೊಸೆಸರ್ ಮೇಲೆ 'ಇಂಟೆಲ್ ಕಾನ್ಫಿಡೆನ್ಶಿಯಲ್' ಅಂತಿದೆ. ಸ್ಪೆಷಲ್ ಮಾಡೆಲ್ಲಾ?

ಉತ್ತರ: ಪರೀಕ್ಷೆಗೆಂದು ಮಾಡಿದ ಸ್ಯಾಂಪಲ್. ಮಾರಾಟಕ್ಕಲ್ಲ. ವಾಪಸ್ ಕಳಿಸಿ, ದುಡ್ಡು ಕೇಳಿ.