ಬಾಂದ್ರಾದ ಫಾಲ್ಕೆ ಚಿತ್ರ ಗ್ರಾಫಿಟಿಯಾ?

ಪ್ರಶ್ನೆ: ಸರ್, ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಗೆ ಯಾರೋ ರಾತ್ರಿ ಹೊತ್ತು ಸ್ಪ್ರೇ ಪೇಂಟ್‌ನಲ್ಲಿ ಓದೋಕೇ ಆಗದ ಅಕ್ಷರ ಬರೆದು ಹೋಗಿದ್ದಾರೆ. ಸೆಕ್ರೆಟರಿ ಅದನ್ನು ಗ್ರಾಫಿಟಿ ಅಂತಾರೆ. ಬಾಂದ್ರಾದ ದಾದಾಸಾಹೇಬ್ ಫಾಲ್ಕೆ ಚಿತ್ರವೂ ಗ್ರಾಫಿಟಿನೇ ಅಂತಾಳೆ ಮಗಳು. ಎರಡಕ್ಕೂ ಒಂದೇ ಪದ ಹೇಗೆ? ಕನ್ನಡದಲ್ಲಿ ಏನನ್ನಬೇಕು? ಪೊಲೀಸ್ ದೂರಿನಲ್ಲೂ ಇದೇ ಪದ ಹಾಕಬಹುದಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸೆಕ್ರೆಟರಿ ಹೇಳಿದ್ದು ಸರಿ. ಮಗಳ ಮೇಲೆ ತಪ್ಪು ಹೊರಿಸುವಂತಿಲ್ಲ, ಗೋಡೆ ಮೇಲೆ ಬಣ್ಣ ಕಂಡರೆ ಸಾಕು, ಈಗ ಪತ್ರಿಕೆಗಳೇ ಗ್ರಾಫಿಟಿ ಅಂತ ಬರೆದುಬಿಡುತ್ತವೆ.

ಪದ ಇಟಲಿಯದು, ಗೀರುವುದು ಅನ್ನೋ ಅರ್ಥದ ಮಾತಿನಿಂದ ಬಂದದ್ದು. ಒಂದಿದ್ದರೆ ಗ್ರಾಫಿಟೊ, ಹಲವಿದ್ದರೆ ಗ್ರಾಫಿಟಿ. ಕನ್ನಡದಲ್ಲಿ ಆ ಏಕವಚನದ ಗೊಡವೆ ಬೇಡ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪಾಂಪೇ ಊರಿನ ಗೋಡೆಗಳ ಮೇಲೆ ಜನ ಗೀಚಿದ ಪ್ರೇಮ, ಬೈಗುಳಗಳಿಗೆ ಪುರಾತತ್ವದವರು ಈ ಹೆಸರು ಬಳಸಿದರು. ಸ್ಪ್ರೇ ಡಬ್ಬ ಬಂದದ್ದು ಬಹಳ ಆಮೇಲೆ. ನ್ಯೂಯಾರ್ಕಿನಲ್ಲಿ ಹೋದಲ್ಲೆಲ್ಲ 'ಟಾಕಿ 183' ಅಂತ ಬರೆಯುತ್ತಿದ್ದ ಹುಡುಗನ ಬಗ್ಗೆ 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಸುದ್ದಿ ಮಾಡಿತು. 183 ಅವನ ಬೀದಿಯ ನಂಬರು. ಹೀಗೆ ಹೆಸರನ್ನೇ ಸೊಟ್ಟ ಅಕ್ಷರದಲ್ಲಿ ಬರೆಯುವುದಕ್ಕೆ ಟ್ಯಾಗ್ ಅಂತಾರೆ. ನಿಮ್ಮ ಗೋಡೆ ಮೇಲಿರುವುದೂ ಬಹುಶಃ ಅದೇ.

ಈ ಚಾಳಿ ಮುಂಬೈಗೆ ಹೊಸದೇನಲ್ಲ. ಬೋರಿವಲಿಯ ಕಾನ್ಹೇರಿ ಗುಹೆಗಳಿಗೆ ಹೋದಾಗ 90ನೇ ಗುಹೆ ನೋಡಿ. 1009 ಮತ್ತು 1021ರಲ್ಲಿ ಬಂದು ಹೋದ ಪಾರಸಿಗಳು ತಮ್ಮ ಹೆಸರು, ಬಂದ ದಿನ ಎಲ್ಲವನ್ನೂ ಹಳೆಯ ಪರ್ಷಿಯಾದ ಪಹ್ಲವಿ ಲಿಪಿಯಲ್ಲಿ ಕೆತ್ತಿಸಿದ್ದಾರೆ. ಬೌದ್ಧರ ಗುಹೆಯಲ್ಲಿ ಪ್ರವಾಸಿಗರ ಹಾಜರಿ! ಇವತ್ತು ಅದನ್ನು ವಿದ್ವಾಂಸರು ಶಾಸನ ಅಂತ ಓದುತ್ತಾರೆ. ನೀವು ನಾವು ಅಲ್ಲೇ ಹೆಸರು ಕೆತ್ತಿದರೆ ಸ್ಮಾರಕ ಕಾಯ್ದೆಯಲ್ಲಿ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಫಾಲ್ಕೆ ಚಿತ್ರದ ಕತೆ ಬೇರೆ. ಎಂಟಿಎನ್‌ಎಲ್ ಟೆಲಿಫೋನ್ ಕಂಪನಿಯ ಕಟ್ಟಡದ ಮೇಲೆ 2014ರಲ್ಲಿ ಕಲಾವಿದ ರಂಜಿತ್ ದಹಿಯಾ ಬರೆದದ್ದು ಅದು. ಅಷ್ಟು ದೊಡ್ಡ ಕಟ್ಟಡಕ್ಕೆ ಯಾರೂ ರಾತ್ರಿ ಕದ್ದು ಬಣ್ಣ ಬಳಿಯೋಕಾಗಲ್ಲ, ಅಲ್ವಾ? ಕೇಳದೆ ಗೀಚಿದ್ದು ಗ್ರಾಫಿಟಿ, ಒಪ್ಪಿಗೆ ಪಡೆದು ಬರೆದದ್ದು ಭಿತ್ತಿಚಿತ್ರ, ಅಂದರೆ ಮ್ಯೂರಲ್. 2009ರಲ್ಲಿ ಪಾಲಿಕೆಯೇ ಜನರನ್ನು ಕರೆದು ಚಿತ್ರ ಬರೆಸಿದ ತುಳಸಿ ಪೈಪ್ ರೋಡ್ ಗೋಡೆಗೂ ನಾನು ಗ್ರಾಫಿಟಿ ಅನ್ನುವುದಿಲ್ಲ. ಬಾಂದ್ರಾದ ಚಾಪೆಲ್ ರೋಡಿನಲ್ಲಿ ಮಾತ್ರ ಎರಡೂ ಕಲಸಿಹೋಗಿವೆ. ಅಲ್ಲಿ 'ಬೀದಿ ಚಿತ್ರ' ಅಂದರೆ ಜಗಳವಿಲ್ಲ.

ಕನ್ನಡದಲ್ಲಿ 'ಗೋಡೆಬರಹ' ಚಾಲ್ತಿಯಲ್ಲಿದೆ. ಆದರೆ ಅದು ಕೇಳಿದ ಕೂಡಲೇ ಚುನಾವಣೆ ಘೋಷಣೆ, ಸಿಮೆಂಟ್ ಜಾಹೀರಾತು ನೆನಪಾಗುತ್ತೆ. ನನಗೆ 'ಗೀಚುಬರಹ' ಇಷ್ಟ. ಗ್ರಾಫಿಟಿ ಅಂತಲೇ ಬರೆದರೂ ತೊಂದರೆ ಇಲ್ಲ, 'ಗ್ರಾಫಿಟಿಗಳು' ಅಂತ ಬಹುವಚನ ಮಾಡಿದರೂ ಸೈ.

ದೂರಿನಲ್ಲಿ ಮಾತ್ರ ಈ ಪದ ಬೇಡ. 'ಗೋಡೆ ವಿರೂಪಗೊಳಿಸಿದ್ದಾರೆ' ಅನ್ನೋ ಅರ್ಥದ ಮರಾಠಿ ಮಾತು ಹಾಕಿಸಿ, ಮಹಾರಾಷ್ಟ್ರದ 1995ರ ಕಾಯ್ದೆ ಇರುವುದೇ ಆಸ್ತಿ ವಿರೂಪದ ಬಗ್ಗೆ. 3 ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ ಅದರಲ್ಲಿದೆ. ಬಣ್ಣ ಬಳಿಸುವ ಮೊದಲು ಫೋಟೊ ತೆಗೆದಿಡಿ. ಅದೇ ಟ್ಯಾಗ್ ಪಕ್ಕದ ಸೊಸೈಟಿ ಗೋಡೆಯಲ್ಲೂ ಇದ್ದರೆ ಇಬ್ಬರೂ ಸೇರಿ ದೂರು ಕೊಡಿ.