ಸಂಪಾದಕರ ಉತ್ತರ: ಮನೆಯಲ್ಲಿ ತೇರ್ಸ್ ನಿಂತುಹೋಗಿದೆ

ಶಿರ್ವದ ಕಡೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದ ದೀರ್ಘ ಪತ್ರದ ಸಾರ ಹೀಗಿದೆ: "ಗಂಡ ಮಸ್ಕತ್‌ನಲ್ಲಿದ್ದಾರೆ. ಮಗ ದಿನಾ ಮಂಗಳೂರಿಗೆ ಹೋಗಿಬಂದು ಇಂಜಿನಿಯರಿಂಗ್ ಓದುತ್ತಿದ್ದಾನೆ, ಮಗಳು ಪಿಯುಸಿ. ಅತ್ತೆ ಹಾಸಿಗೆ ಹಿಡಿದಿದ್ದಾರೆ. ಮನೆಯಲ್ಲಿ ತೇರ್ಸ್, ಅಂದರೆ ಎಲ್ಲರೂ ಸೇರಿ ಹೇಳುವ ಜಪಮಾಲೆ ಪ್ರಾರ್ಥನೆ, ನಿಂತುಹೋಗಿದೆ. ಅತ್ತೆ ಒಬ್ಬರೇ ಕೋಣೆಯಲ್ಲಿ ಮಣಿ ಎಣಿಸುತ್ತಾರೆ. ಮಗನನ್ನು ಕರೆದರೆ, 'ಐವತ್ತಮೂರು ಸಲ ಒಂದೇ ಮಾತು ಹೇಳಿದರೆ ದೇವರಿಗೆ ಏನು ಸಿಗುತ್ತದೆ?' ಎನ್ನುತ್ತಾನೆ. ಒಂದು ರಾತ್ರಿ ಸಿಟ್ಟು ಬಂದು ಅವನ ಮೊಬೈಲ್ ಕಿತ್ತು ಎಸೆದೆ, ನರಕಕ್ಕೆ ಹೋಗುತ್ತೀ ಎಂದೆ. ಅಂದಿನಿಂದ ಅವನು ನನ್ನೊಡನೆ ಸರಿಯಾಗಿ ಮಾತನಾಡಿಲ್ಲ. ಮದುವೆಗೆ ಮುಂಚಿನ ರೋಸ್ ಶಾಸ್ತ್ರ, ತೆನೆಯ ಮೊಂತಿ ಹಬ್ಬ, ಸನ್ನಣ ಎಂಬ ಅಕ್ಕಿ ಇಡ್ಲಿ, ಹಂದಿಮಾಂಸ, ಹೆಸರಿನ ಕೊನೆಗೊಂದು ಸರ್‌ನೇಮ್. ಇಷ್ಟೇ ಉಳಿದ ಮೇಲೆ ನಾವು ಕ್ರೈಸ್ತರು ಹೇಗಾಗುತ್ತೇವೆ?"

ಪ್ರೀತಿಯ ಸಹೋದರಿ,

ನೀವು ಮುಚ್ಚಿಡದೆ ಬರೆದಿದ್ದೀರಿ, ನಾನೂ ಹಾಗೆಯೇ ಬರೆಯುತ್ತೇನೆ. ಪತ್ರದಲ್ಲಿ ತೇರ್ಸ್ ನಿಂತ ದುಃಖಕ್ಕಿಂತ ಮೊಬೈಲ್ ಎಸೆದ ರಾತ್ರಿಯ ದುಃಖವೇ ನನಗೆ ದೊಡ್ಡದಾಗಿ ಕಂಡಿತು. ಅಲ್ಲಿಂದಲೇ ಶುರು ಮಾಡೋಣ.

ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಯೇಸು ಹೇಳುವುದನ್ನು ನೆನಪಿಸಿಕೊಳ್ಳಿ. ಕಾಣಿಕೆಯನ್ನು ಪೀಠದ ಮುಂದೆ ಇಟ್ಟು ಮೊದಲು ಹೋಗಿ ಸಹೋದರನೊಡನೆ ರಾಜಿಯಾಗು, ಆಮೇಲೆ ಬಂದು ಅರ್ಪಿಸು. ಕಾಣಿಕೆ ಬೇಡ ಎಂದು ಅವರು ಹೇಳಲಿಲ್ಲ, ಅದಕ್ಕೆ ಮುಂಚೆ ಆಗಬೇಕಾದ್ದನ್ನು ತೋರಿಸಿದರು. ಇದು ತಾಯಿ ಮಗನಿಗೂ ಅನ್ವಯಿಸುತ್ತದೆ. ತಪ್ಪು ಮಾಡಿದ ಮಗ ಬಂದು ಕ್ಷಮೆ ಕೇಳುವುದು ನಮ್ಮ ಮನೆಗಳಲ್ಲಿ ರೂಢಿ. ಹೆತ್ತವರು ಮಕ್ಕಳ ಮುಂದೆ "ನಾನು ಹಾಗೆ ಹೇಳಬಾರದಿತ್ತು" ಎನ್ನುವುದು ಅಪರೂಪ. ನೀವು ಅದನ್ನು ಹೇಳಬೇಕು. ಜೊತೆಗೆ "ಆದರೆ ನೀನೂ..." ಎಂಬ ಬಾಲ ಬೇಡ. ಯಾರು ನರಕಕ್ಕೆ ಹೋಗುತ್ತಾರೆಂದು ತೀರ್ಮಾನಿಸುವ ಅಧಿಕಾರ ನಮಗೆ ಯಾರಿಗೂ ಇಲ್ಲ. ನಿಮ್ಮ ಬಾಯಿಂದ ಆ ಮಾತು ಕೇಳಿದ ಹುಡುಗನಿಗೆ ಜಪಮಾಲೆ ಎಂದಾಕ್ಷಣ ಆ ರಾತ್ರಿಯೇ ನೆನಪಾದರೆ ಆಶ್ಚರ್ಯವೇನು?

ಇನ್ನು ಅವನ ಪ್ರಶ್ನೆ. ಅದನ್ನು ಉಡಾಫೆ ಎಂದುಕೊಳ್ಳಬೇಡಿ, ಒಳ್ಳೆಯ ಪ್ರಶ್ನೆಯದು. ಪೋಪ್ ಆರನೇ ಪೌಲರು 1974ರಲ್ಲಿ ಮರಿಯಮ್ಮನವರ ಭಕ್ತಿಯ ಕುರಿತು ಬರೆದ ಪತ್ರದಲ್ಲಿ, ಧ್ಯಾನವಿಲ್ಲದ ಜಪಮಾಲೆ ಆತ್ಮವಿಲ್ಲದ ದೇಹ ಎಂಬರ್ಥದ ಮಾತು ಇದೆ. ಯಾಂತ್ರಿಕವಾಗಿ ಪಠಿಸುವ ಅಪಾಯವನ್ನೂ ಅವರು ಎತ್ತಿ ತೋರಿಸಿದರು. ಅಂದರೆ ನಿಮ್ಮ ಮಗನ ಅನುಮಾನದ ಅರ್ಧ ಭಾಗವನ್ನು ಪೋಪರೇ ಒಪ್ಪಿದ್ದಾರೆ. ಇನ್ನರ್ಧಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ಗಂಡ ಫೋನ್ ಮಾಡಿದಾಗಲೆಲ್ಲ "ಊಟ ಆಯ್ತಾ?" ಎಂದೇ ಕೇಳುತ್ತಾರಲ್ಲ, ಅದರಿಂದ ಅವರಿಗೆ ಸಿಗುವ ಹೊಸ ಸುದ್ದಿ ಏನು? ಆದರೂ ಒಂದು ದಿನ ಕೇಳದಿದ್ದರೆ ನಿಮ್ಮ ಮನಸ್ಸು ತಡೆಯುವುದಿಲ್ಲ. ಜಪಮಾಲೆಯೂ ಹಾಗೆಯೇ. ಮಣಿ ಎಣಿಸುತ್ತಾ "ನಮೋ ಮರಿಯ" ಹೇಳುವ ತುಟಿಗಳ ಹಿಂದೆ ಮನಸ್ಸು ಯೇಸುವಿನ ಜನನವನ್ನೋ ಯಾತನೆಯನ್ನೋ ಪುನರುತ್ಥಾನವನ್ನೋ ನೋಡುತ್ತಿರಬೇಕು. ನಾವು ಮಕ್ಕಳಿಗೆ ಮಣಿ ಎಣಿಸಲು ಕಲಿಸಿದೆವು, ರಹಸ್ಯಗಳ, ಅಂದರೆ ಯೇಸುವಿನ ಬಾಳಿನ ಈ ಘಟನೆಗಳ, ಮುಂದೆ ಕೂರಲು ಕಲಿಸಲಿಲ್ಲ. ಮೊದಲನೇ ಪರಮ ಪ್ರಸಾದ ಮುಗಿಯುತ್ತಲೇ ಕಲಿಸುವುದನ್ನೂ ನಿಲ್ಲಿಸಿದೆವು. ಇಪ್ಪತ್ತರ ಹರೆಯದವನಿಗೆ ಎಂಟು ವರ್ಷದ ಮಗುವಿನ ಧರ್ಮೋಪದೇಶ ಸಾಲುವುದಿಲ್ಲ.

ಅದೇ ಪತ್ರದಲ್ಲಿ ಪೌಲರು ಕುಟುಂಬದ ಜಪಮಾಲೆಯನ್ನು ಬಹಳ ಹೊಗಳಿದ್ದಾರೆ, ಆದರೆ ಯಾರ ಮೇಲೂ ಹೊರಿಸಿಲ್ಲ. ಅದರ ಸೌಂದರ್ಯಕ್ಕೆ ಒಲಿದು ಬರುವ ಸ್ವಾತಂತ್ರ್ಯ ಭಕ್ತರಿಗಿರಲಿ ಎಂಬುದು ಅವರ ನಿಲುವು. ಭಾನುವಾರದ ಬಲಿಪೂಜೆಯ ಮಾತು ಬೇರೆ, ಅದು ಕಡ್ಡಾಯ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಜಗಳವಾಡಬೇಡಿ.

ರೋಸ್, ಮೊಂತಿ ಹಬ್ಬದ ಬಗ್ಗೆ ನೀವು ಬರೆದ ಸಾಲುಗಳಲ್ಲಿ ಸ್ವಲ್ಪ ಬೇಸರವಿದೆ. ಅವನ್ನು ಹಗುರವಾಗಿ ಕಾಣಬೇಡಿ. ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನವರ ಮುಂದೆ ಹಾಕುವುದು, ಸೆಪ್ಟೆಂಬರ್ 8ರಂದು ಚರ್ಚ್‌ನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬಂದು ಹಿರಿಯರ ಕೈಯಿಂದ ಎಲ್ಲರಿಗೂ ಹಂಚಿಕೆಯಾಗುವುದು, ಇವು ದೇಹಕ್ಕೆ ಕಲಿಸಿದ ಪ್ರಾರ್ಥನೆಗಳು. ಆದರೆ ಇವುಗಳಿಂದ ನಾವು ಕ್ರೈಸ್ತರಾಗಲಿಲ್ಲ. ಜ್ಞಾನಸ್ನಾನದಲ್ಲಿ ಕ್ರಿಸ್ತರೊಂದಿಗೆ ಸೇರಿದ್ದರಿಂದ, ದೇವರನ್ನು "ಅಪ್ಪಾ" ಎಂದು ಕರೆಯುವ ಹಕ್ಕು ಸಿಕ್ಕಿದ್ದರಿಂದ ಆದೆವು. ನಾವು ಗಳಿಸಿದ್ದಲ್ಲ ಅದು. ಆದ್ದರಿಂದ ತೇರ್ಸ್ ತಪ್ಪಿದ ಮಾತ್ರಕ್ಕೆ ಕಳೆದೂ ಹೋಗುವುದಿಲ್ಲ. ನಿಮ್ಮ ಮಗ ಈಗಲೂ ಆ ತಂದೆಯ ಮಗನೇ. ಇದನ್ನು ನೀವು ನಿಜವಾಗಿ ನಂಬಿದರೆ ನಿಮ್ಮ ದನಿಯೇ ಬೇರೆಯಾಗುತ್ತದೆ.

ಹಾಗೆಂದು ಮನೆಯ ಪ್ರಾರ್ಥನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ನಾನು ಹೇಳಲಾರೆ. 1784ರಿಂದ 1799ರವರೆಗೆ ಕರಾವಳಿಯ ಕ್ರೈಸ್ತರಾದ ನಮ್ಮ ಪೂರ್ವಜರು ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದಾಗ ಊರಿನ ಬಹುತೇಕ ಚರ್ಚ್‌ಗಳು ನೆಲಸಮವಾಗಿದ್ದವು, ಪಾದ್ರಿಗಳು ಗಡಿಪಾರಾಗಿದ್ದರು. ನಂಬಿಕೆ ಆಸರೆ ಪಡೆಯಲು ಅಪ್ಪ ಅಮ್ಮಂದಿರ ನಾಲಗೆಯ ಹೊರತು ಜಾಗವೇ ಇರಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯ ಚರ್ಚ್ ಎಂದು ಕರೆದು, ಮಾತಿನಿಂದಲೂ ನಡತೆಯಿಂದಲೂ ಮಕ್ಕಳಿಗೆ ನಂಬಿಕೆಯನ್ನು ಮೊದಲು ಸಾರುವವರು ತಂದೆತಾಯಿಯರೇ ಎಂದಿತು. ಅದನ್ನು ಓದುವಾಗ ನನಗೆ ಆ ಹದಿನೈದು ವರ್ಷಗಳೇ ಕಣ್ಣ ಮುಂದೆ ಬರುತ್ತವೆ.

ಸರಿ, ಏನು ಮಾಡಬೇಕು? ಜಪಮಾಲೆಯ ಐದೂ ದಶಕಗಳನ್ನು (ಹತ್ತು ಹತ್ತು ಮಣಿಗಳ ಐದು ಸುತ್ತುಗಳನ್ನು) ಒಮ್ಮೆಲೇ ಮರಳಿ ತರಲು ಹೋಗಬೇಡಿ. ಅತ್ತೆಯ ಕೋಣೆಗೆ ಹೋಗಿ. ಅವರು ಒಬ್ಬರೇ ಪ್ರಾರ್ಥಿಸುತ್ತಿದ್ದಾರೆ ಎಂದು ಬರೆದಿರಿ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ನೋವಾದ ಸಾಲು ಅದು. ತೇರ್ಸ್ ನಿಂತಿದೆ ಎನ್ನುತ್ತೀರಿ, ಪಕ್ಕದ ಕೋಣೆಯಲ್ಲೇ ಅದು ನಡೆಯುತ್ತಿದೆಯಲ್ಲ! ಒಂದೇ ದಶಕ, ಅವರ ಮಂಚದ ಬಳಿ. ಮಗಳು ಬಂದರೆ ಬರಲಿ. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬ ಪ್ರೀತಿಯ ಬಗ್ಗೆ ಬರೆದಾಗ ಕೇಳಿದ್ದೂ ದಿನಕ್ಕೆ ಕೆಲವೇ ನಿಮಿಷ, ದೇವರ ಮುಂದೆ ಒಟ್ಟಿಗೆ, ನಮ್ಮ ಚಿಂತೆಗಳನ್ನು ಹೇಳಿಕೊಳ್ಳಲು. ಅತ್ತೆಯ ಔಷಧ, ಮಗನ ಪರೀಕ್ಷೆ, ಮಸ್ಕತ್‌ನ ಕೆಲಸದ ಚಿಂತೆ, ಎಲ್ಲವನ್ನೂ ಅಲ್ಲಿ ಬಾಯಿ ಬಿಟ್ಟು ಹೇಳಿ. ಮುಗಿದ ಮೇಲೆ ಬೆಸಾಂವ್ (ಹಿರಿಯರ ಆಶೀರ್ವಾದ) ಬಿಡಬೇಡಿ. ನೀವೇ ಮೊದಲು ಅತ್ತೆಯ ಮುಂದೆ ಕೈ ಮುಗಿದು ಆಶೀರ್ವಾದ ಕೇಳಿ. ಮಗ ಪ್ರಾರ್ಥನೆಗೆ ಬಾರದ ದಿನವೂ ಮಲಗುವ ಮುನ್ನ ಅವನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ. ಆದರೆ ಅವನು ಒಪ್ಪಿದರೆ ಮಾತ್ರ; ಒಪ್ಪುವವರೆಗೆ ಕಾಯಿರಿ.

ಯಜಮಾನರನ್ನೂ ಬಿಡಬೇಡಿ. ಶುಕ್ರವಾರ ಅವರಿಗೆ ರಜೆ, ಅಲ್ಲಿ ಅನೇಕರು ವಾರದ ಪೂಜೆಗೆ ಹೋಗುವುದೂ ಅಂದೇ. ನಮ್ಮ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಏಳು ಗಂಟೆ. ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಅವರೇ ಮುಂದಾಳಾಗಲಿ. ಹಣ ಕಳಿಸುವ ಅಪ್ಪನನ್ನು ಮಕ್ಕಳು ಬಲ್ಲರು, ಪ್ರಾರ್ಥಿಸುವ ಅಪ್ಪನನ್ನೂ ನೋಡಲಿ.

ಕೊಂಕಣಿ ಪ್ರಾರ್ಥನೆಗಳು ಮಕ್ಕಳಿಗೆ ಬಾಯಿಪಾಠವಿಲ್ಲ, ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಹೇಳಬಹುದೇ ಎಂದೂ ಕೇಳಿದ್ದೀರಿ. ಧಾರಾಳವಾಗಿ. ಅತ್ತೆ ಕೊಂಕಣಿಯಲ್ಲಿ ಆರಂಭಿಸಲಿ, ಮಗಳು ಕನ್ನಡದಲ್ಲಿ ಉತ್ತರಿಸಲಿ.

ಮಗನನ್ನು ಪಾದ್ರಿಯವರ ಬಳಿಗೆ ಕರೆದೊಯ್ಯುವ ಯೋಚನೆ ಸದ್ಯಕ್ಕೆ ಬೇಡ, ದೂರು ಕೊಟ್ಟಂತಾಗುತ್ತದೆ. ಬದಲಿಗೆ ಈ ಪುಟವನ್ನು ಅವನಿಗೆ ತೋರಿಸಿ. ಇದರಲ್ಲಿ ಒಪ್ಪದ್ದೇನಾದರೂ ಇದ್ದರೆ ಅವನೇ ನನಗೆ ಬರೆಯಲಿ, ಮಾತು ಮೃದು ಮಾಡಬೇಕಾಗಿಲ್ಲ. ಅವನ ಪತ್ರಕ್ಕೂ ಇದೇ ಪುಟದಲ್ಲಿ, ಇಷ್ಟೇ ಜಾಗ ಕೊಟ್ಟು ಉತ್ತರಿಸುತ್ತೇನೆ.

– ಸಂಪಾದಕ