ಒಗೆದರೆ ಮೆತ್ತಗಾಗುವ ಹಾಲಿನ ಗುಂಡಿ

ಪ್ರಶ್ನೆ: ಒಡೆದ ಹಾಲಿನಿಂದ ಗುಂಡಿ ಮಾಡಿ ಮಗಳ ಫ್ರಾಕಿಗೆ ಹೊಲಿದೆ. ಒಣಗಿದಾಗ ಕಲ್ಲಿನಂತಿತ್ತು. ಒಂದೇ ಒಗೆತಕ್ಕೆ ಮೆತ್ತಗಾಗಿ, ಕಾಜಾದೊಳಗೆ ತೂರಿಸುವಾಗ ಎರಡು ಹೋಳಾಯಿತು. ಹಿಂದೆ ಕಾರ್ಖಾನೆಗಳೇ ಹಾಲಿನ ಗುಂಡಿ ಮಾಡುತ್ತಿದ್ದವಂತೆ. ನನ್ನದೇಕೆ ಉಳಿಯಲಿಲ್ಲ?
— ಓದುಗರೊಬ್ಬರು, ಶಿರಸಿ

ಉತ್ತರ: ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ನಾನೂ ಇದೇ ಕೆಲಸಕ್ಕೆ ಕೈ ಹಾಕಿದ್ದೆ. ಅರ್ಧ ಲೀಟರ್ ಕೆನೆ ತೆಗೆದ ಹಾಲು, ಎಂಟು ಚಮಚ ವಿನೆಗರ್. ಗಟ್ಟಿಯನ್ನು ಬಟ್ಟೆಯಲ್ಲಿ ಹಿಂಡಿ, ಔಷಧಿ ಬಾಟಲಿಯ ಮುಚ್ಚಳದಿಂದ ಬಿಲ್ಲೆ ಕತ್ತರಿಸಿ, ದಬ್ಬಣದಿಂದ ತೂತು ಹಾಕಿದೆ. ಎರಡು ದಿನ ಒಣಗುವಷ್ಟರಲ್ಲಿ ಬಿಲ್ಲೆಗಳ ಅಂಚು ಎದ್ದಿತ್ತು, ತೂತು ಕುಗ್ಗಿ ಸೂಜಿ ತೂರಿಸುವುದೇ ಕಷ್ಟವಾಯಿತು. "ಪನೀರ್ ಅಂತಲಾದರೂ ಪಲ್ಯಕ್ಕೆ ಹಾಕಬಹುದಿತ್ತು" ಎಂದಳು ಹೆಂಡತಿ.

ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಹುಳಿ ಬಿದ್ದೊಡನೆ ಮುದ್ದೆಗಟ್ಟುತ್ತದೆ. ಆದರೆ ಅದರ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿರುವುದಿಲ್ಲ, ಸುಮ್ಮನೆ ಒತ್ತಿಕೊಂಡಿರುತ್ತವೆ. ನೀರು ನುಗ್ಗಿದರೆ ಉಬ್ಬಿ ಸಡಿಲವಾಗುತ್ತವೆ. ಆ ಬೆಸುಗೆ ಹಾಕುವುದು ಫಾರ್ಮಲಿನ್. ಕಾಲೇಜಿನ ಪ್ರಯೋಗಾಲಯದ ಜಾಡಿಯಲ್ಲಿ ಕಪ್ಪೆ ಮುಳುಗಿರುತ್ತದಲ್ಲ, ಅದೇ ದ್ರವ. 1897ರಲ್ಲಿ ಜರ್ಮನಿಯ ಮುದ್ರಕ ವಿಲ್‌ಹೆಲ್ಮ್ ಕ್ರಿಶೆ ಶಾಲೆಗಳಿಗೆ ಬಿಳಿಯ, ಒರೆಸಬಹುದಾದ ಬರವಣಿಗೆ ಹಲಗೆ ಬೇಕೆಂದು ರಸಾಯನಶಾಸ್ತ್ರಜ್ಞ ಅಡಾಲ್ಫ್ ಸ್ಪಿಟೆಲರ್ ಜೊತೆ ಸೇರಿ ಇದನ್ನು ಸಾಧಿಸಿದ. ಹಲಗೆಗಿಂತ ಗುಂಡಿ, ಬಾಚಣಿಗೆಗಳಿಗೇ ಅದು ಹೆಚ್ಚು ಒದಗಿತು. ಇಟ್ಟ ಹೆಸರು ಗ್ಯಾಲಲಿತ್, ಗ್ರೀಕಿನಲ್ಲಿ ಹಾಲುಗಲ್ಲು. ತೆಳು ಹಾಳೆಗೇ ವಾರಗಟ್ಟಲೆ ಫಾರ್ಮಲಿನ್ ಸ್ನಾನ, ದಪ್ಪನೆಯದಕ್ಕೆ ತಿಂಗಳುಗಟ್ಟಲೆ.

ಹಾಗೆಂದು ಫಾರ್ಮಲಿನ್ ತಂದು ಅಡುಗೆಮನೆಯಲ್ಲಿ ಇಡಬೇಡಿ. ಕಣ್ಣು, ಗಂಟಲು ಉರಿಸುತ್ತದೆ, ಕ್ಯಾನ್ಸರ್‌ಕಾರಕ ಕೂಡ. ಹಾಲಿನ ಗುಂಡಿ "ಸಂಪೂರ್ಣ ನೈಸರ್ಗಿಕ" ಎಂದು ಯಾರಾದರೂ ಮಾರಲು ಬಂದರೆ, ಗಟ್ಟಿ ಮಾಡಿದ್ದು ಯಾವುದರಿಂದ ಎಂದು ಒಮ್ಮೆ ಕೇಳಿ. ಇನ್ನೊಂದು ಲೆಕ್ಕವೂ ಇದೆ: ಒಂದು ಲೀಟರ್ ಆಕಳ ಹಾಲಿನಲ್ಲಿ ಕೇಸೀನ್ ಇರುವುದು ಸುಮಾರು 25 ಗ್ರಾಂ. ಕುಡಿಯಲು ಬರುವ ಹಾಲನ್ನು ಗುಂಡಿಗೆ ಸುರಿಯಲು ನನಗಂತೂ ಮನಸ್ಸಾಗುವುದಿಲ್ಲ, ಒಡೆದದ್ದಾದರೆ ಸರಿ.

ಮತ್ತೆ ಮಾಡುವಿರಾದರೆ ಕೆನೆ ಪೂರ್ತಿ ತೆಗೆಯಿರಿ, ಜಿಡ್ಡಿದ್ದರೆ ಪುಡಿಯಾಗುತ್ತದೆ. ತೂತನ್ನು ಬೇಕಾದದ್ದಕ್ಕಿಂತ ದೊಡ್ಡದು ಮಾಡಿ, ಒಣಗುವಾಗ ಮೇಲೆ ಭಾರ ಇಡಿ. ಹೊಲಿಯುವುದು ಒಗೆಯದ ವಸ್ತುವಿಗೆ ಮಾತ್ರ. ಮಗಳ ಫ್ರಾಕಿಗೆ ತೆಂಗಿನ ಚಿಪ್ಪಿನ ಗುಂಡಿ ಹಾಕಿ. ನನ್ನವು ನಾಲ್ಕೂ ಕನ್ನಡಕದ ಚೀಲದ ಮೇಲಿದ್ದವು. ಕಳೆದ ಮಳೆಗಾಲದಲ್ಲಿ ಒಂದು ಬೂಸ್ಟು ಹಿಡಿಯಿತು, ಮೂರು ಇವೆ.